ನೆಲವನ್ನು ನಂಬಿ ಕೆಟ್ಟ ಹಕ್ಕಿಗಳು



ಪೀಟರ್ ಮಂಡಿ ಎಂಬ ಇಂಗ್ಲಿಷ್ ವರ್ತಕ 1628ರಲ್ಲಿ ಸೂರತ್ ಬಂದರಿಗೆ ಬಂದಿಳಿದ. ಈಸ್ಟ್ ಇಂಡಿಯಾ ಕಂಪನಿಯ ನೌಕರ. ಕಂಡದ್ದನ್ನೆಲ್ಲ ಬರೆದಿಡುವುದು ಅವನ ಅಭ್ಯಾಸ. ಮಾರಿಷಸ್ ದ್ವೀಪದಿಂದ ತಂದಿದ್ದ ಎರಡು ಡೋಡೊ ಹಕ್ಕಿಗಳನ್ನು ಸೂರತ್ತಿನಲ್ಲಿ ಕಂಡುದಾಗಿ ಅವನು ಬರೆದಿದ್ದಾನೆ. ಹೆಚ್ಚು ಕಡಿಮೆ ಅದೇ ಕಾಲದ ಒಂದು ಮೊಗಲ್ ಚಿತ್ರ ಈಗ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ. ಜಹಾಂಗೀರ್ ಬಾದಶಹನ ಆಸ್ಥಾನದ ಉಸ್ತಾದ್ ಮನ್ಸೂರ್ ಬರೆದದ್ದು ಎಂದು ತಜ್ಞರು ಹೇಳುವ ಆ ಚಿತ್ರದ ನಡುವೆ ಒಂದು ಡೋಡೊ ನಿಂತಿದೆ. ಹಡಗಿನಲ್ಲಿ ಬಂದು ಬಾದಶಹನ ಚಿತ್ರಕಾರನ ಕಣ್ಣಿಗೆ ಬಿದ್ದ ಹಕ್ಕಿ ಅದು. ಜೀವಂತ ಡೋಡೊವನ್ನು ನೋಡಿಯೇ ಬರೆದ ಬಣ್ಣದ ಚಿತ್ರಗಳು ಜಗತ್ತಿನಲ್ಲಿ ಬಹಳ ಇಲ್ಲ. ಹೀಗಾಗಿ ಆ ಹಕ್ಕಿ ಹೇಗಿತ್ತು ಎಂದು ತಿಳಿಯಬೇಕಾದವರು ಇಂದಿಗೂ ಭಾರತದ ಈ ಚಿತ್ರವನ್ನು ನೋಡುತ್ತಾರೆ.

ಆ ಚಿತ್ರದ ಒಂದು ಮೂಲೆಯಲ್ಲಿ ಪಟ್ಟೆ ತಲೆಯ ಹೆಬ್ಬಾತುಗಳಿವೆ. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಸಾವಿರಗಟ್ಟಲೆ ಬಂದಿಳಿಯುವುದು ಇವೇ. ಹಿಮಾಲಯವನ್ನು ದಾಟಿ ಬರುವ ಹಕ್ಕಿ ಒಂದು, ನೆಲದಿಂದ ಒಂದು ಮಾರು ಮೇಲೇಳಲಾರದ ಹಕ್ಕಿ ಇನ್ನೊಂದು. ಎರಡೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ.

ಡೋಡೊದ ಮುಂದಿನ ಕಥೆ ಎಲ್ಲರಿಗೂ ಗೊತ್ತು. ಡಚ್ಚರು 1598ರಲ್ಲಿ ಮಾರಿಷಸ್ಸಿಗೆ ಬಂದರು. ಅವರ ಹಡಗಿನಿಂದ ಇಳಿದ ಇಲಿ, ಹಂದಿ, ಕೋತಿಗಳು ನೆಲದ ಮೇಲಿನ ಗೂಡುಗಳಿಗೆ ಬಾಯಿ ಹಾಕಿದವು. ಡೋಡೊವನ್ನು ಕಂಡುದರ ಕೊನೆಯ ನಂಬಲರ್ಹ ದಾಖಲೆ 1662ರದ್ದು. ಎಪ್ಪತ್ತು ವರ್ಷ ತುಂಬುವ ಮೊದಲೇ ಒಂದು ಹಕ್ಕಿಯ ಕುಲ ಮುಗಿಯಿತು. ಇಷ್ಟಾದರೂ ಪಾಪ, ಜನ ಅದಕ್ಕೆ ಕೊಟ್ಟ ಬಿರುದು ‘ದಡ್ಡ ಹಕ್ಕಿ’ ಎಂದು. ಮನುಷ್ಯನನ್ನು ಕಂಡು ಓಡಲಿಲ್ಲವಲ್ಲ, ಅದೇ ಅದರ ದಡ್ಡತನ!

ಈ ಆರೋಪವನ್ನು ಸ್ವಲ್ಪ ವಿಚಾರಿಸಿ ನೋಡಬೇಕು. 2002ರಲ್ಲಿ ವಿಜ್ಞಾನಿಗಳು ಡೋಡೊದ ಹಳೆಯ ಮೂಳೆಯಿಂದ ಡಿಎನ್‌ಎ ತೆಗೆದು ಹೋಲಿಸಿದಾಗ ಅದು ಪಾರಿವಾಳದ ಕುಲಕ್ಕೆ ಸೇರಿದ್ದೆಂದು ಖಚಿತವಾಯಿತು. ಬದುಕಿರುವ ಹಕ್ಕಿಗಳಲ್ಲಿ ಅದರ ಅತಿ ಹತ್ತಿರದ ನೆಂಟ ನಮ್ಮ ನಿಕೋಬಾರ್ ದ್ವೀಪಗಳ ಹೆಸರನ್ನೇ ಹೊತ್ತ ನಿಕೋಬಾರ್ ಪಾರಿವಾಳ. ಅದು ದ್ವೀಪದಿಂದ ದ್ವೀಪಕ್ಕೆ ಸಮುದ್ರದ ಮೇಲೆ ಹಾರಿಹೋಗುತ್ತದೆ. ಅಂದರೆ ಡೋಡೊದ ಪೂರ್ವಜರೂ ಹಾರಿಕೊಂಡೇ ಬಂದವರು. ಹಾರಬಲ್ಲ ಹಕ್ಕಿ ಹಾರುವುದನ್ನು ಏಕೆ ಬಿಟ್ಟಿತು?

ಹಾರಾಟ ಅಗ್ಗದ ವಿದ್ಯೆಯಲ್ಲ. ಪಾರಿವಾಳದ ಮೈತೂಕದಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಬರೀ ಎದೆಯ ಸ್ನಾಯು. ಆ ಸ್ನಾಯು ಅಂಟಿಕೊಳ್ಳಲು ಎದೆಮೂಳೆಯಲ್ಲಿ ದೋಣಿಯ ಅಡಿಯಂಥ ಏಣು ಬೇಕು. ಇಷ್ಟು ಮಾಂಸವನ್ನು ಬೆಳೆಸಿ, ಸಾಕಿ, ದುಡಿಸಲು ಆಹಾರ ಬೇಕು. ಹಾರುವಾಗ ಮಾತ್ರವಲ್ಲ, ಸುಮ್ಮನೆ ಕೂತಾಗಲೂ ಈ ಖರ್ಚು ತಪ್ಪುವುದಿಲ್ಲ. ಬೆಕ್ಕು, ನರಿ, ಮುಂಗುಸಿಗಳಿರುವ ನಾಡಿನಲ್ಲಿ ಈ ಖರ್ಚು ಮಾಡಲೇಬೇಕು, ಅದು ಪ್ರಾಣದ ಬೆಲೆ. ಆದರೆ ನಡುಗಡಲಿನ ದ್ವೀಪದಲ್ಲಿ ಇವು ಯಾವುವೂ ಇಲ್ಲ. ಹಣ್ಣು, ಬೀಜ, ಹುಳುಗಳು ಕಾಲ ಬುಡದಲ್ಲೇ ಸಿಗುತ್ತವೆ. ಅಲ್ಲಿ ರೆಕ್ಕೆಗೆ ಕಡಿಮೆ, ಮೊಟ್ಟೆಗೆ ಹೆಚ್ಚು ಖರ್ಚು ಮಾಡುವ ಹಕ್ಕಿಯ ಸಂತಾನವೇ ಬೆಳೆಯುತ್ತದೆ. ತಲೆಮಾರಿನಿಂದ ತಲೆಮಾರಿಗೆ ಎದೆಯ ಸ್ನಾಯು ಕರಗಿ, ಏಣು ಸವೆದು, ರೆಕ್ಕೆ ಗಿಡ್ಡವಾಗುತ್ತದೆ. ಇದು ದಡ್ಡತನವಲ್ಲ, ಜಮಾಖರ್ಚು.

ಈ ಲೆಕ್ಕ ಎಷ್ಟು ನಿಖರ ಎಂಬುದಕ್ಕೆ ಹಿಂದೂ ಮಹಾಸಾಗರದ ಅಲ್ಡಾಬ್ರಾ ಎಂಬ ಹವಳದ ದ್ವೀಪವೇ ಸಾಕ್ಷಿ. ನಮ್ಮ ಕೆರೆಯಂಚಿನಲ್ಲಿ ಬಾಲ ಕುಣಿಸುತ್ತ ಓಡಾಡುವ ಹುಂಡುಕೋಳಿಯನ್ನು ನೋಡಿದ್ದೀರಲ್ಲ, ಅದರ ಕುಟುಂಬದ ‘ರೈಲ್’ ಎಂಬ ಹಕ್ಕಿಗಳು ಮಡಗಾಸ್ಕರ್ ಕಡೆಯಿಂದ ಹಾರಿ ಬಂದು ಅಲ್ಲಿ ನೆಲೆಸಿದವು. ಕ್ರಮೇಣ ಹಾರಾಟ ಬಿಟ್ಟವು. ಸುಮಾರು 1,36,000 ವರ್ಷಗಳ ಹಿಂದೆ ಸಮುದ್ರ ಉಕ್ಕಿ ದ್ವೀಪವೇ ಮುಳುಗಿತು. ಹಾರಲಾರದ ಹಕ್ಕಿಗಳು ಎಲ್ಲಿಗೆ ಹೋಗಬೇಕು? ಎಲ್ಲವೂ ಸತ್ತವು. ಮತ್ತೆ ಸಮುದ್ರ ಇಳಿದು ದ್ವೀಪ ತಲೆಯೆತ್ತಿದಾಗ ಅದೇ ಜಾತಿಯ ಹಕ್ಕಿ ಮತ್ತೆ ಹಾರಿ ಬಂದು, ಮತ್ತೆ ಹಾರಾಟ ಬಿಟ್ಟಿತು! ಎರಡೂ ಕಾಲದ ಮೂಳೆಗಳನ್ನು ಹೋಲಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಎರಡನೇ ಸಲ ಬಂದವುಗಳ ಸಂತತಿ ಇಂದೂ ಅಲ್ಲಿ ಓಡಾಡಿಕೊಂಡಿದೆ.

ಹಾರದ ಹಕ್ಕಿ ಎಂದೊಡನೆ ನೆನಪಿಗೆ ಬರುವುದು ಆಸ್ಟ್ರಿಚ್ ಮತ್ತು ಪೆಂಗ್ವಿನ್. ಅವುಗಳ ದಾರಿ ಬೇರೆ. ಸಿಂಹ ಚಿರತೆಗಳ ನಡುವೆಯೇ ಬಾಳುವ ಆಸ್ಟ್ರಿಚ್ ಗಂಟೆಗೆ 70 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು, ಒದೆಯಲೂ ಬಲ್ಲದು. ಪೆಂಗ್ವಿನ್ ತನ್ನ ರೆಕ್ಕೆಯನ್ನು ಹುಟ್ಟು ಮಾಡಿಕೊಂಡು ನೀರಿನೊಳಗೆ ಹಾರುತ್ತದೆ ಎಂದರೂ ಸರಿಯೇ. ಇವು ಹಾರಾಟದ ಬದಲು ಇನ್ನೊಂದು ವಿದ್ಯೆ ಕಲಿತವು. ನೆಲವನ್ನೇ ನಂಬಿದ ದ್ವೀಪದ ಹಕ್ಕಿಗಳಿಗೆ ಅಂಥ ಬದಲಿ ವಿದ್ಯೆ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮನುಷ್ಯ ಹೊಸ ನೆಲಗಳಿಗೆ ಕಾಲಿಡುತ್ತ ಹೋದಂತೆ ಅಳಿದ 581 ಜಾತಿಯ ಹಕ್ಕಿಗಳನ್ನು 2020ರ ಒಂದು ಅಧ್ಯಯನ ಎಣಿಸಿತು. ಅವುಗಳಲ್ಲಿ 166 ಹಾರಲಾರದವು. ಈಗ ಉಳಿದಿರುವುದು ಅರುವತ್ತರಷ್ಟು ಮಾತ್ರ.

ಈ ನಷ್ಟದ ದೊಡ್ಡ ಪಾಲು ನ್ಯೂಜಿಲೆಂಡಿನದು. ಆ ನಾಡಿಗೆ ಸೇರಿದ ನೆಲದ ಸಸ್ತನಿಗಳೆಂದರೆ ಬಾವಲಿಗಳು ಮಾತ್ರ. ದನ, ಜಿಂಕೆಗಳ ಜಾಗದಲ್ಲಿ ಅಲ್ಲಿ ‘ಮೋವಾ’ ಎಂಬ ಹಕ್ಕಿಗಳು ಮೇಯುತ್ತಿದ್ದವು. ಒಟ್ಟು ಒಂಬತ್ತು ಜಾತಿ. ದೊಡ್ಡ ಜಾತಿಯ ಹೆಣ್ಣು 200 ಕಿಲೋಗೂ ಹೆಚ್ಚು ತೂಗುತ್ತಿತ್ತು. ಅದಕ್ಕೆ ರೆಕ್ಕೆ ಗಿಡ್ಡವಾಗಿರಲಿಲ್ಲ, ರೆಕ್ಕೆಯ ಒಂದು ಮೂಳೆಯೂ ಉಳಿದಿರಲಿಲ್ಲ. ಹದಿಮೂರನೇ ಶತಮಾನದ ಹೊತ್ತಿಗೆ ದೋಣಿಗಳಲ್ಲಿ ಮಾವೊರಿ ಜನರ ಪೂರ್ವಜರು ಬಂದರು. ಜೊತೆಗೆ ನಾಯಿ ಮತ್ತು ಇಲಿ. ಇನ್ನೂರು ವರ್ಷಗಳೊಳಗೆ ಮೋವಾಗಳು ಪೂರ್ತಿ ಮುಗಿದವು. ಯುರೋಪಿನವರು ಬರುವ ಮುಂಚೆಯೇ ಇಷ್ಟು ಆಗಿತ್ತು ಎಂಬುದನ್ನು ಹೇಳಬೇಕು. ತಪ್ಪು ಬಿಳಿಯರದ್ದು ಮಾತ್ರ ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ.

ಆದರೆ ಮೊದಲ ಅಲೆಯಲ್ಲಿ ಉಳಿದುಕೊಂಡವುಗಳಲ್ಲಿ ಒಂದು ಹಕ್ಕಿಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಕೇಳಬೇಕು. ಅದು ಕಾಕಪೊ. ಮಾವೊರಿ ಭಾಷೆಯಲ್ಲಿ ಕಾಕಾ ಎಂದರೆ ಗಿಳಿ, ಪೊ ಎಂದರೆ ರಾತ್ರಿ. ರಾತ್ರಿ ಓಡಾಡುವ, ಗೂಬೆಯಂಥ ಮುಖದ, ಪಾಚಿ ಬಣ್ಣದ ಗಿಳಿ. ಗಿಳಿಗಳಲ್ಲೆಲ್ಲ ಅತಿ ಭಾರದ್ದು. ಕೊಬ್ಬಿದ ಗಂಡು ನಾಲ್ಕು ಕಿಲೋ ತೂಗಬಲ್ಲದು. ರೆಕ್ಕೆ ಇದೆ, ಹಾರಲು ಬಾರದು. ಮರ ಹತ್ತುವುದರಲ್ಲಿ ಮಾತ್ರ ಬಲು ನಿಪುಣ. ಮೇಲಿನಿಂದ ಇಳಿಯುವಾಗ ರೆಕ್ಕೆಯನ್ನು ಕೊಡೆಯಂತೆ ಬಿಚ್ಚಿಕೊಳ್ಳುತ್ತದೆ.

ಅಪಾಯ ಕಂಡರೆ ಕಾಕಪೊ ಕದಲದೆ ನಿಂತುಬಿಡುತ್ತದೆ. ನಗಬೇಡಿ. ಹಿಂದೆ ಅದರ ಶತ್ರುಗಳೆಂದರೆ ಹದ್ದು, ಗಿಡುಗಗಳು. ಕಣ್ಣಿನಿಂದ ಬೇಟೆಯಾಡುವ ಅವುಗಳ ಮುಂದೆ ಪಾಚಿಯ ಬಣ್ಣದ ಹಕ್ಕಿ ಸುಮ್ಮನೆ ನಿಂತರೆ ಕಾಣುವುದೇ ಇಲ್ಲ. ಆದರೆ ಬೆಕ್ಕು, ನಾಯಿಗಳು ಬೇಟೆಯಾಡುವುದು ಮೂಗಿನಿಂದ. ಕಾಕಪೊದ ಮೈಗಾದರೋ ಸಿಹಿಯಾದ, ದೂರಕ್ಕೇ ಬಡಿಯುವ ಒಂದು ವಾಸನೆ ಇದೆ! ಸಾವಿರಾರು ವರ್ಷ ಕಾಪಾಡಿದ ಉಪಾಯವೇ ಹೊಸ ಶತ್ರುವಿನೆದುರು ಉರುಳಾಯಿತು. ಹೆಣ್ಣು ಒಂಟಿಯಾಗಿಯೇ ಮರಿ ಸಾಕಬೇಕು. ರಾತ್ರಿ ಅದು ಆಹಾರ ಹುಡುಕಿ ಹೋದಾಗ ನೆಲದ ಗೂಡಿನಲ್ಲಿ ಮೊಟ್ಟೆಗಳಿಗೆ ಕಾವಲಿಲ್ಲ. ಇಲಿಗೆ ಅಷ್ಟು ಸಾಕು.

1880ರ ದಶಕದಲ್ಲಿ ನ್ಯೂಜಿಲೆಂಡಿನ ಕುರಿ ಸಾಕುವವರಿಗೆ ಮೊಲಗಳ ಕಾಟ ಹೆಚ್ಚಾಯಿತು. ಮೊಲಗಳನ್ನು ತಂದು ಬಿಟ್ಟವರೂ ಯುರೋಪಿನವರೇ. ಅವನ್ನು ಕೊಲ್ಲಲೆಂದು ಮುಂಗುಸಿಯಂತೆ ಕಾಣುವ ‘ಸ್ಟೋಟ್’ ಎಂಬ ಪ್ರಾಣಿಯನ್ನು ತಂದು ಬಿಡಲಾಯಿತು. ಪಕ್ಷಿತಜ್ಞರು ಬೇಡವೆಂದರೂ ಕೇಳಲಿಲ್ಲ. ಸ್ಟೋಟ್ ಮೊಲದ ಬೆನ್ನು ಹತ್ತುವ ಬದಲು ಸುಲಭವಾಗಿ ಸಿಗುವ ಹಕ್ಕಿಗಳ ಮೇಲೆ ಬಿತ್ತು.

ಆಗ ನಡೆದ ಒಂದು ಪ್ರಯತ್ನ ಮನ ಕಲಕುವಂಥದು. ರಿಚರ್ಡ್ ಹೆನ್ರಿ ಎಂಬಾತನನ್ನು ಸರಕಾರ 1894ರಲ್ಲಿ ನೈಋತ್ಯ ತೀರದ ರೆಸಲ್ಯೂಷನ್ ದ್ವೀಪಕ್ಕೆ ಪಾಲಕನನ್ನಾಗಿ ನೇಮಿಸಿತು. ಮಳೆ ಬಿಡದ ಆ ಕಾಡಿನಲ್ಲಿ, ಬಾಯಿಗೆ ಕುಕ್ಕೆ ಹಾಕಿದ ನಾಯಿಯ ನೆರವಿನಿಂದ ಅವನು ಎದುರು ದಡದ ಕಾಕಪೊ ಮತ್ತು ಕಿವಿ ಹಕ್ಕಿಗಳನ್ನು ಹುಡುಕಿ ಹಿಡಿದು, ದೋಣಿಯಲ್ಲಿ ದ್ವೀಪಕ್ಕೆ ಸಾಗಿಸಿದ. ಒಂದಲ್ಲ ಎರಡಲ್ಲ, ನೂರಾರು ಹಕ್ಕಿಗಳು. ಆರು ವರ್ಷಗಳ ದುಡಿಮೆ. 1900ರಲ್ಲಿ ದ್ವೀಪದಲ್ಲಿ ಒಂದು ಸ್ಟೋಟ್ ಕಾಣಿಸಿತು. ಕಡಲ ಕಾಲುವೆಯನ್ನು ಈಜಿಕೊಂಡು ಬಂದಿತ್ತು. ಹೆನ್ರಿಯ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಮುಂದೆ ಏಳು ದಶಕಗಳ ನಂತರ, 1974ರಿಂದ ಅದೇ ನೈಋತ್ಯದ ಫಿಯೋರ್ಡ್‌ಲ್ಯಾಂಡ್ ಪರ್ವತಗಳಲ್ಲಿ ವನ್ಯಜೀವಿ ಇಲಾಖೆಯವರು ಹೆಲಿಕಾಪ್ಟರಿನಲ್ಲಿ ಹೋಗಿ ಹುಡುಕಿದರು. 1977ರ ಹೊತ್ತಿಗೆ 18 ಕಾಕಪೊಗಳು ಸಿಕ್ಕವು. ಹದಿನೆಂಟೂ ಗಂಡು. ಕಾಕಪೊ ಗಂಡು ಬೆಟ್ಟದ ನೆತ್ತಿಯಲ್ಲಿ ನೆಲವನ್ನು ಬೋಗುಣಿಯಂತೆ ಕೆದರಿ, ಅದರಲ್ಲಿ ಕೂತು, ಎದೆಯುಬ್ಬಿಸಿ ನಗಾರಿಯಂಥ ದನಿಯಲ್ಲಿ ಹೆಣ್ಣನ್ನು ಕರೆಯುತ್ತದೆ. ಆ ದನಿ ಕಿಲೋಮೀಟರುಗಟ್ಟಲೆ ಕೇಳಿಸುತ್ತದೆ. ತಿಂಗಳುಗಟ್ಟಲೆ, ರಾತ್ರಿಯಿಡೀ ಹೀಗೆ ಕರೆಯುತ್ತ ಅದು ಮೈ ಇಳಿದು ಸೊರಗುತ್ತದೆ. ಓಗೊಡಲು ಆ ಪರ್ವತಗಳಲ್ಲಿ ಒಂದು ಹೆಣ್ಣೂ ಉಳಿದಿರಲಿಲ್ಲ.

ಅದೃಷ್ಟ 1977ರಲ್ಲಿ ತೆರೆಯಿತು. ದಕ್ಷಿಣದ ಸ್ಟುವರ್ಟ್ ದ್ವೀಪದಲ್ಲಿ ನೂರಕ್ಕೂ ಹೆಚ್ಚು ಹಕ್ಕಿಗಳ ಒಂದು ಗುಂಪು ಪತ್ತೆಯಾಯಿತು. 1980ರಲ್ಲಿ ಕೊನೆಗೂ ಒಂದು ಹೆಣ್ಣು ಸಿಕ್ಕಿತು. ಆದರೆ ಅಲ್ಲಿ ಕಾಡು ಸೇರಿದ ಬೆಕ್ಕುಗಳಿದ್ದವು. ಹಕ್ಕಿಗಳು ಒಂದೊಂದಾಗಿ ಹೆಣವಾಗುತ್ತಿದ್ದವು. 1982ರಿಂದ ಹದಿನೈದು ವರ್ಷಗಳಲ್ಲಿ ಸಿಕ್ಕ ಹಕ್ಕಿಗಳನ್ನೆಲ್ಲ ಹಿಡಿದು ಬೆಕ್ಕು, ಸ್ಟೋಟ್ ಇಲ್ಲದ ಸಣ್ಣ ದ್ವೀಪಗಳಿಗೆ ಸಾಗಿಸಿದರು. ಹೆನ್ರಿಯ ಉಪಾಯವೇ, ಈ ಸಲ ದೂರದ ದ್ವೀಪಗಳಲ್ಲಿ. ಅವುಗಳಲ್ಲಿ ಕಾಡ್‌ಫಿಶ್ ಎಂಬ ದ್ವೀಪದ ಇಲಿಗಳನ್ನು 1998ರಲ್ಲಿ ವಿಷ ಸುರಿದು ನಿರ್ಮೂಲ ಮಾಡಲಾಯಿತು. ಒಂದು ಜೀವಿಯನ್ನು ಉಳಿಸಲು ಇನ್ನೊಂದನ್ನು ಹೀಗೆ ಕೊಲ್ಲಬೇಕೆ ಎಂದು ಯಾರಾದರೂ ಕೇಳಿದರೆ ಉತ್ತರಿಸುವುದು ಸುಲಭವಲ್ಲ. ಆದರೆ ಇಲಿ ಜಗತ್ತಿನ ಎಲ್ಲ ಕಡೆ ಇದೆ. 1995ರಲ್ಲಿ ಲೆಕ್ಕಕ್ಕೆ ಸಿಕ್ಕ ಕಾಕಪೊಗಳು 51.

ಅಂದಿನಿಂದ ಪ್ರತಿ ಹಕ್ಕಿಗೂ ಒಂದು ಹೆಸರು, ಬೆನ್ನಿಗೆ ಒಂದು ರೇಡಿಯೋ. ಕೆಲಸ ಸರಾಗವೇನೂ ಆಗಿರಲಿಲ್ಲ. ಕಾಕಪೊ ಪ್ರತಿ ವರ್ಷ ಮೊಟ್ಟೆ ಇಡುವುದಿಲ್ಲ; ಎರಡು ನಾಲ್ಕು ವರ್ಷಕ್ಕೊಮ್ಮೆ ‘ರಿಮು’ ಮರ ಕಾಯಿ ಬಿಟ್ಟಾಗ ಮಾತ್ರ. ಬೇಗ ಮರಿಯಾಗಲಿ ಎಂದು ಹೆಚ್ಚುವರಿ ಆಹಾರ ಕೊಟ್ಟರು. ಚೆನ್ನಾಗಿ ತಿಂದು ದಪ್ಪಗಾದ ತಾಯಂದಿರಿಗೆ ಹುಟ್ಟಿದವು ಹೆಚ್ಚಾಗಿ ಗಂಡುಮರಿಗಳು! ಬೇಕಾಗಿದ್ದುದು ಹೆಣ್ಣು. ಕೊನೆಗೆ ಒಂದೊಂದು ಹೆಣ್ಣಿನ ತೂಕ ನೋಡಿ ಅಳತೆಯಂತೆ ಉಣಿಸತೊಡಗಿದರು. 2002ರಲ್ಲಿ ರಿಮು ಚೆನ್ನಾಗಿ ಫಲ ಬಿಟ್ಟಿತು. ಒಂದೇ ಋತುವಿನಲ್ಲಿ 24 ಮರಿಗಳು ಉಳಿದವು. 2019ರಲ್ಲಿ ಎಪ್ಪತ್ತಕ್ಕೂ ಹೆಚ್ಚು. ಆ ವರ್ಷವೇ ಶ್ವಾಸಕೋಶಕ್ಕೆ ಬೂಷ್ಟು ಹತ್ತುವ ರೋಗ ಬಂದು ಒಂಬತ್ತು ಹಕ್ಕಿಗಳು ಸತ್ತವು. ರೋಗಿಗಳನ್ನು ಹೆಲಿಕಾಪ್ಟರಿನಲ್ಲಿ ಹೊತ್ತು ಆಸ್ಪತ್ರೆ ಸೇರಿಸಿದರು. 2022ರಲ್ಲಿ ಸಂಖ್ಯೆ 252 ಮುಟ್ಟಿತು.

ಫಿಯೋರ್ಡ್‌ಲ್ಯಾಂಡಿನಲ್ಲಿ ಹೆಣ್ಣಿಲ್ಲದೆ ಕೂಗುತ್ತಿದ್ದ ಆ ಗಂಡುಗಳಲ್ಲಿ 1975ರಲ್ಲಿ ಸಿಕ್ಕ ಒಂದಕ್ಕೆ ಹಳೆಯ ಪಾಲಕನ ನೆನಪಿಗೆ ರಿಚರ್ಡ್ ಹೆನ್ರಿ ಎಂದೇ ಹೆಸರಿಟ್ಟಿದ್ದರು. ಅದರ ಜೊತೆಯವೆಲ್ಲ ಸತ್ತವು. ಇದೊಂದು ಉಳಿದು, 1998ರಲ್ಲಿ ಮಾಡ್ ಎಂಬ ದ್ವೀಪದಲ್ಲಿ ಫ್ಲಾಸಿ ಎಂಬ ಹೆಣ್ಣಿನೊಡನೆ ಮೂರು ಮರಿಗಳ ತಂದೆಯಾಯಿತು. ಫಿಯೋರ್ಡ್‌ಲ್ಯಾಂಡಿನ ರಕ್ತ ಇಂದು ಈ ಕುಲದಲ್ಲಿ ಉಳಿದಿದ್ದರೆ ಅದು ಈ ಮುದುಕನ ಮೂಲಕ. 2010ರ ಡಿಸೆಂಬರಿನಲ್ಲಿ ಅದು ವಯಸ್ಸಾಗಿ ಸತ್ತಿತು.

ದ್ವೀಪಗಳಲ್ಲಿ ಈಗ ಜಾಗ ಸಾಲದು. ಅದಕ್ಕಾಗಿ 2023ರ ಜುಲೈಯಲ್ಲಿ ನಾಲ್ಕು ಗಂಡು ಕಾಕಪೊಗಳನ್ನು ಮುಖ್ಯ ನೆಲದ ಮೌಂಗಟೌಟರಿ ಎಂಬ ಬೆಟ್ಟದ ಕಾಡಿಗೆ ತಂದು ಬಿಟ್ಟರು. ಇಲಿ, ಸ್ಟೋಟ್, ಬೆಕ್ಕು ಒಳನುಗ್ಗದಂತೆ ಅದರ ಸುತ್ತ 47 ಕಿಲೋಮೀಟರ್ ಉದ್ದದ ಬೇಲಿ ಇದೆ. ಶತ್ರುಗಳು ಬೇಲಿ ದಾಟದಂತೆ ಎಲ್ಲ ಏರ್ಪಾಟೂ ಆಗಿತ್ತು. ಕೆಲವೇ ತಿಂಗಳಲ್ಲಿ ಕಾಕಪೊಗಳೇ ಬೇಲಿ ದಾಟಿ ಹೊರಗೆ ಹೋದವು. ಬೆನ್ನಿನ ರೇಡಿಯೋ ಜಾಡು ಹಿಡಿದು ಹೋದ ಸಿಬ್ಬಂದಿ ಅವನ್ನು ಹೊತ್ತು ತಂದು ಮತ್ತೆ ಒಳಗೆ ಬಿಟ್ಟರು. ಬೇಲಿಯ ಬದಿಯ ಮರಗಿಡಗಳ ಮೇಲೆ ಕಣ್ಣಿಟ್ಟು ಕೂತರು.