ಮೊಬೈಲಿನ ಆ ಚಿಕ್ಕ ತೂತು ಇನ್ನೂ ಬೇಕೇ?

(ಸಂಘದ ಪೋಷಕರ ಸಭೆಯಲ್ಲಿ ಮಾಡಿದ ಭಾಷಣ)



ಶಿಕ್ಷಣದ ಸಭೆಯಲ್ಲಿ ಇಯರ್‌ಫೋನ್ ವಿಷಯವೇಕೆ ಎಂದು ನೀವು ಕೇಳಬಹುದು. ಇದಕ್ಕೆ ಕಾರಣ ನನ್ನ ವಿದ್ಯಾರ್ಥಿನಿಯೊಬ್ಬಳು. 2021ರಲ್ಲಿ ಕೊರೋನಾದಿಂದ ಶಾಲೆ ಮುಚ್ಚಿ, ಪಾಠವೆಲ್ಲ ಮೊಬೈಲಿನಲ್ಲಿ ನಡೆಯುತ್ತಿದ್ದ ಕಾಲ. ಅವಳದು ಒಂದೇ ಕೋಣೆಯ ಮನೆ. ರಾತ್ರಿ ಪಾಳಿ ಮುಗಿಸಿ ಬಂದ ತಂದೆ ಹಗಲು ಮಲಗಬೇಕು. ಅವಳು ನೂರು ರೂಪಾಯಿಯ ಇಯರ್‌ಫೋನ್ ಹಾಕಿಕೊಂಡು ಮೂಲೆಯಲ್ಲಿ ಕುಳಿತು ಪಾಠ ಕೇಳುತ್ತಿದ್ದಳು. ಒಂದು ದಿನ ಆ ಫೋನ್ ಕೆಟ್ಟಿತು. ಸೌದಿಯಲ್ಲಿದ್ದ ಮಾಮು ತಾವು ಬಳಸಿದ್ದ ದುಬಾರಿ ಫೋನನ್ನು ಕಳುಹಿಸಿಕೊಟ್ಟರು. ಮನೆಯವರಿಗೆಲ್ಲ ಸಂತೋಷ. ಆದರೆ ಹುಡುಗಿ ತರಗತಿಗೆ ಬರುವುದೇ ನಿಂತಿತು. ವಿಚಾರಿಸಿದಾಗ, "ಟೀಚರ್, ಇದರಲ್ಲಿ ಪಿನ್ ಹಾಕೋ ಜಾಗಾನೇ ಇಲ್ಲ. ಜೋರಾಗಿ ಇಟ್ರೆ ಅಬ್ಬಾಗೆ ಎಚ್ಚರ ಆಗುತ್ತೆ" ಎಂದಳು.

ಈ ಪಿನ್ನಿನ ಮೂಲ ಹತ್ತೊಂಬತ್ತನೆಯ ಶತಮಾನದ್ದು. ಟೆಲಿಫೋನ್ ವಿನಿಮಯ ಕೇಂದ್ರಗಳಲ್ಲಿ ಒಬ್ಬರ ಕರೆಯನ್ನು ಇನ್ನೊಬ್ಬರಿಗೆ ಜೋಡಿಸಲು ಬಳಸುತ್ತಿದ್ದ ದಪ್ಪ ಪಿನ್ನೇ ಕಿರಿದಾಗಿ 3.5 ಮಿಲಿಮೀಟರಿನದಾಯಿತು. ಟ್ರಾನ್ಸಿಸ್ಟರ್ ರೇಡಿಯೋ, 1979ರಲ್ಲಿ ಬಂದ ವಾಕ್‌ಮನ್, ಆಮೇಲೆ ಮೊಬೈಲ್ ಹೀಗೆ ಅದು ಮನೆಮನೆಗೂ ಬಂತು. 2016ರ ಸೆಪ್ಟೆಂಬರ್‌ನಲ್ಲಿ ಆ್ಯಪಲ್ ಕಂಪನಿ ಐಫೋನ್ 7ರಿಂದ ಈ ಜ್ಯಾಕನ್ನು ತೆಗೆದುಹಾಕಿತು. ಅದಕ್ಕೂ ಮೊದಲು ಕೆಲವರು ತೆಗೆದಿದ್ದರಾದರೂ ಗಾಳಿ ಬೀಸಿದ್ದು ಅಲ್ಲಿಂದಲೇ. 2017ರಲ್ಲಿ ಗೂಗಲ್ ಪಿಕ್ಸೆಲ್ 2, 2018ರಲ್ಲಿ ಒನ್‌ಪ್ಲಸ್ 6ಟಿ, 2019ರಲ್ಲಿ ಸ್ಯಾಮ್‌ಸಂಗ್ ನೋಟ್ 10 ಅದೇ ದಾರಿ ಹಿಡಿದವು.

ತೆಗೆದವರ ವಾದವನ್ನೂ ನಾವು ನ್ಯಾಯವಾಗಿ ಕೇಳಬೇಕು. ಫೋನಿನೊಳಗೆ ಜಾಗ ಉಳಿಯುತ್ತದೆ, ವೈರು ಸಿಕ್ಕಾಗುವುದಿಲ್ಲ ಎನ್ನುತ್ತಾರೆ. ಇದು ನಿಜ. ಶ್ರವಣದೋಷವಿರುವ ಮಕ್ಕಳ ಶ್ರವಣಯಂತ್ರಕ್ಕೆ ಬ್ಲೂಟೂತ್ ಮೂಲಕ ಧ್ವನಿ ನೇರವಾಗಿ ತಲುಪುವುದಂತೂ ದೊಡ್ಡ ನೆಮ್ಮದಿಯೇ ಸರಿ. ಆದರೆ ನೀರು ಒಳಗೆ ಹೋಗದಿರಲು ಜ್ಯಾಕ್ ತೆಗೆಯಲೇಬೇಕು ಎಂಬ ಮಾತು ಪೂರ್ತಿ ಒಪ್ಪುವಂಥದ್ದಲ್ಲ. 2019ರ ಗ್ಯಾಲಕ್ಸಿ ಎಸ್10ರಲ್ಲಿ ಜ್ಯಾಕೂ ಇತ್ತು, ನೀರಿನಿಂದ ರಕ್ಷಣೆಯೂ ಇತ್ತು.

ಈಗ ನಮ್ಮ ಮನೆಗಳ ಲೆಕ್ಕ ನೋಡೋಣ. ವೈರಿನ ಇಯರ್‌ಫೋನಿಗೆ ಚಾರ್ಜ್ ಬೇಡ. ಒಂದು ಸಣ್ಣ ಕವಲು ಪಿನ್ ಸಿಕ್ಕಿಸಿದರೆ ಅಕ್ಕತಂಗಿಯರಿಬ್ಬರೂ ಒಂದೇ ಫೋನಿನಲ್ಲಿ ಒಂದೇ ಪಾಠ ಕೇಳಬಹುದು. ಉರ್ದುವಿನಲ್ಲಿ 'ಕಾಫ್' ಮತ್ತು 'ಖಾಫ್' ಅಕ್ಷರಗಳ ವ್ಯತ್ಯಾಸ ಕಿವಿಗೆ ಸ್ಪಷ್ಟವಾಗಿ ಬೀಳದಿದ್ದರೆ ಮಗುವಿನ ನಾಲಿಗೆಗೆ ಬರುವುದಿಲ್ಲ. ಗದ್ದಲದ ಮನೆಯಲ್ಲಿ ಇಯರ್‌ಫೋನೇ ಅದಕ್ಕೆ ಆಸರೆ. ಮೊಬೈಲಿನ ಎಫ್.ಎಂ. ರೇಡಿಯೋಗೆ ಸಾಮಾನ್ಯವಾಗಿ ಈ ವೈರೇ ಆಂಟೆನಾ. ವಿಪತ್ತಿನ ಸಮಯದಲ್ಲಿ ಜನರಿಗೆ ಸುದ್ದಿ ಮುಟ್ಟಲೆಂದು ಮೊಬೈಲುಗಳಲ್ಲಿ ಎಫ್.ಎಂ. ಸೌಲಭ್ಯ ಇರಲಿ ಎಂದು ಕೇಂದ್ರ ಸರ್ಕಾರವೇ 2023ರ ಏಪ್ರಿಲ್‌ನಲ್ಲಿ ತಯಾರಕರಿಗೆ ಸಲಹೆ ನೀಡಿತು.

ವೈರಿಲ್ಲದ ಇಯರ್‌ಬಡ್‌ನಲ್ಲಿ ಪುಟ್ಟ ಬ್ಯಾಟರಿಗಳಿವೆ. ಕೆಲವು ವರ್ಷಗಳಲ್ಲಿ ಅವು ಸೋಲುತ್ತವೆ. ಹೆಚ್ಚಿನವುಗಳಲ್ಲಿ ಬದಲಿಸಲು ಬರುವುದಿಲ್ಲ, ಎಸೆಯಬೇಕು. ಇಸ್ರಾಫ್, ಅಂದರೆ ದುಂದುಗಾರಿಕೆ ಬೇಡವೆಂದು ಮಕ್ಕಳಿಗೆ ಕಲಿಸುವ ನಾವು ಇದನ್ನೂ ಯೋಚಿಸಬೇಕಲ್ಲವೇ?

ಆ ಹುಡುಗಿಗೆ ನಾನು ಪೇಟೆಯಿಂದ ಒಂದು ಅಡಾಪ್ಟರ್ ತಂದುಕೊಟ್ಟೆ. ಅದು ಕೆಲಸ ಮಾಡಲಿಲ್ಲ! ಟೈಪ್-ಸಿ ಅಡಾಪ್ಟರುಗಳಲ್ಲಿ ಎರಡು ಬಗೆ ಎಂದು ಆಗ ತಿಳಿಯಿತು. ಒಂದು ಬರೀ ವೈರು. ಇನ್ನೊಂದರಲ್ಲಿ ಡಿಜಿಟಲ್ ಸಂಕೇತವನ್ನು ಧ್ವನಿಗೆ ತಕ್ಕ ವಿದ್ಯುತ್ತಾಗಿ ಬದಲಿಸುವ, ಡಿಎಸಿ ಎಂಬ ಚಿಪ್ ಇರುತ್ತದೆ. ಅನೇಕ ಫೋನುಗಳಿಗೆ ಎರಡನೆಯದೇ ಬೇಕು. ಅದು ಸಿಕ್ಕಿದ ಮೇಲೆ ಅವಳು ಮರಳಿ ಬಂದಳು. ಆದರೆ ಅಷ್ಟರಲ್ಲಿ ಮೂರು ವಾರಗಳ ಪಾಠ ಹೋಗಿತ್ತು. ಆ ಮೂರು ವಾರ ನಾನೂ ಅವಳನ್ನು ಸೋಮಾರಿ ಎಂದುಕೊಂಡಿದ್ದೆ. ಇದನ್ನು ನಿಮ್ಮ ಮುಂದೆ ನಾಚಿಕೆಯಿಂದಲೇ ಹೇಳುತ್ತಿದ್ದೇನೆ.

ಆದ್ದರಿಂದ ನಿಮ್ಮಲ್ಲಿ ನನ್ನ ವಿನಂತಿ ಇಷ್ಟೆ. ಮಕ್ಕಳ ಓದಿಗೆಂದು ಫೋನ್ ಕೊಳ್ಳುವಾಗ ಕ್ಯಾಮೆರಾ ನೋಡುವ ಮೊದಲು ಜ್ಯಾಕ್ ಇದೆಯೇ ನೋಡಿ. ಕಡಿಮೆ ಬೆಲೆಯ ಹಲವು ಫೋನುಗಳಲ್ಲಿ ಅದು ಇಂದಿಗೂ ಸಿಗುತ್ತದೆ. ಜ್ಯಾಕ್ ಇಲ್ಲದ ಫೋನ್ ಈಗಾಗಲೇ ಮನೆಯಲ್ಲಿದ್ದರೆ ಅಡಾಪ್ಟರನ್ನು ಅಂಗಡಿಯಲ್ಲೇ ಹಾಕಿ, ಕೇಳಿ ನೋಡಿ ತನ್ನಿ. ವೈರಿರಲಿ, ಇಲ್ಲದಿರಲಿ, ಸದ್ದು ಮಿತವಾಗಿರಲಿ. ಮಕ್ಕಳಿಗೆ ವಾರಕ್ಕೆ 40 ಗಂಟೆ ಕೇಳುವುದಾದರೆ 75 ಡೆಸಿಬೆಲ್ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ ಹೇಳುತ್ತದೆ. ನಮ್ಮ ಸಂಘದ ವಾಚನಾಲಯದಲ್ಲಿ ಪುಸ್ತಕಗಳ ಜೊತೆಗೆ ಹತ್ತು ಅಡಾಪ್ಟರು, ಹತ್ತು ಕವಲು ಪಿನ್ನುಗಳನ್ನು ಇಟ್ಟು ಮಕ್ಕಳಿಗೆ ಎರವಲು ಕೊಟ್ಟರೆ ಖರ್ಚು ಅಲ್ಪ, ಪುಣ್ಯ ದೊಡ್ಡದು.

ಕಂಪನಿಗಳು ತಮ್ಮ ಲಾಭ ನೋಡಿಕೊಳ್ಳುತ್ತವೆ. ಮೂಲೆಯಲ್ಲಿ ಕುಳಿತು ಪಾಠ ಕೇಳುವ ಮಗುವನ್ನು ನೋಡಿಕೊಳ್ಳಬೇಕಾದವರು ನಾವು. ಮಗು ತರಗತಿಗೆ ಬಾರದಿದ್ದಾಗ ಬೈಯುವ ಮೊದಲು "ಏನಾಯಿತಮ್ಮಾ?" ಎಂದು ಒಮ್ಮೆ ಕೇಳೋಣ. ಇಷ್ಟು ಹೇಳಿ ನನ್ನ ಎರಡು ಮಾತುಗಳನ್ನು ಮುಗಿಸುತ್ತೇನೆ. ಖುದಾ ಹಾಫಿಜ್. ಜೈ ಹಿಂದ್, ಜೈ ಕರ್ನಾಟಕ.