ದಮ್ಮಿನ ಅಳತೆ

ಮಾನ್ವಿಯಲ್ಲಿ ಭತ್ತದ ನಾಟಿ, ದೇವದುರ್ಗದಲ್ಲಿ ಹತ್ತಿ ಬಿಡಿಸುವುದು, ರಾಯಚೂರಿನ ಗಂಜ್‌ನಲ್ಲಿ ಚೀಲ ಹೊರುವುದು. ಕೆಲಸ ಯಾವುದೇ ಇರಲಿ, ಒಬ್ಬರು ಮಾತಾಡುತ್ತಲೇ ಮಾಡಿ ಮುಗಿಸುತ್ತಾರೆ, ಪಕ್ಕದವರಿಗೆ ದಮ್ಮು ಹತ್ತುತ್ತದೆ. ಇದಕ್ಕೆ ಸೋಮಾರಿತನ ಕಾರಣವೆಂದುಬಿಡುವುದು ಸುಲಭ. ನಿಜವಾದ ಕಾರಣವನ್ನು ಪ್ರಯೋಗಾಲಯದಲ್ಲಿ ಅಳೆಯಬಹುದು.

ಅಲ್ಲಿ ಮೂಗು ಬಾಯಿಗೆ ಮಾಸ್ಕ್ ಕಟ್ಟಿ ಟ್ರೆಡ್‌ಮಿಲ್ ಮೇಲೆ ನಡೆಸುತ್ತಾರೆ, ಇಲ್ಲವೇ ನಿಂತಲ್ಲೇ ಇರುವ ಸೈಕಲ್ ತುಳಿಸುತ್ತಾರೆ. ಒಳಗೆ ಹೋಗುವ ಗಾಳಿಯಲ್ಲಿ ಆಮ್ಲಜನಕ ಸುಮಾರು ಶೇ 21. ಹೊರಬರುವ ಉಸಿರಿನಲ್ಲಿ ಎಷ್ಟು ಉಳಿದಿದೆ ಎಂದು ನೋಡಿದರೆ, ದೇಹ ಬಳಸಿಕೊಂಡದ್ದು ಲೆಕ್ಕಕ್ಕೆ ಸಿಗುತ್ತದೆ. ಶ್ರಮ ಹೆಚ್ಚಿಸುತ್ತ ಹೋದಂತೆ ಈ ಬಳಕೆಯೂ ಏರುತ್ತದೆ. ಕೊನೆಗೊಂದು ಹಂತದಲ್ಲಿ, ಇನ್ನೆಷ್ಟು ಶ್ರಮಪಟ್ಟರೂ ಅದು ಏರುವುದಿಲ್ಲ. ಅದೇ ಆ ವ್ಯಕ್ತಿಯ ಗರಿಷ್ಠ ಮಿತಿ. ಬ್ರಿಟಿಷ್ ವಿಜ್ಞಾನಿ ಎ.ವಿ. ಹಿಲ್ ಮತ್ತು ಸಂಗಡಿಗರು 1923ರ ಹೊತ್ತಿಗೆ ಇದನ್ನು ಓಟಗಾರರಲ್ಲಿ ಗುರುತಿಸಿದರು.

ಆಸ್ಪತ್ರೆಯ ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಪರೀಕ್ಷೆ ನಿಮಗೆ ಗೊತ್ತಿರಬಹುದು. ಅಲ್ಲಿ ಸಾಮಾನ್ಯವಾಗಿ ಪ್ರತಿ 3 ನಿಮಿಷಕ್ಕೆ ವೇಗ ಮತ್ತು ಏರು ಹೆಚ್ಚುತ್ತವೆ. ಆದರೆ ವೈದ್ಯರ ಕಣ್ಣು ಮುಖ್ಯವಾಗಿ ಇಸಿಜಿಯ ಮೇಲಿರುತ್ತದೆ. ಉಸಿರಿನ ಅಳತೆ ಅದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ.

ಈಗ ಆ ಗರಿಷ್ಠ ಮಿತಿಯ ಲೆಕ್ಕ ನೋಡೋಣ. ಒಂದು ಕೆಲಸಕ್ಕೆ ದೇಹತೂಕದ ಪ್ರತಿ ಕಿಲೋಗೆ ನಿಮಿಷಕ್ಕೆ 12 ಮಿಲಿಲೀಟರ್ ಆಮ್ಲಜನಕ ಬೇಕು ಅಂದುಕೊಳ್ಳಿ. ಒಬ್ಬರ ಮಿತಿ 40, ಇನ್ನೊಬ್ಬರದು 25. ಮೊದಲನೆಯವರು ತಮ್ಮ ಶಕ್ತಿಯ ಶೇ 30ರಷ್ಟು ಬಳಸಿದರೆ, ಎರಡನೆಯವರು ಶೇ 48ರಷ್ಟು ಬಳಸುತ್ತಾರೆ. ಶ್ರಮದ ತೀವ್ರತೆ ತಿಳಿಯುವುದು ಈ ಪಾಲಿನಿಂದ. ದಿನವಿಡೀ ದುಡಿಯುವ ಭಾರತೀಯ ಕಾರ್ಮಿಕರಿಗೆ ಮಿತಿಯ ಸುಮಾರು ಶೇ 35ರಷ್ಟು ಶ್ರಮ, ಅಂದರೆ ನಿಮಿಷಕ್ಕೆ ಸುಮಾರು 110 ನಾಡಿಬಡಿತ, ತಾಳಬಹುದಾದದ್ದು ಎಂದು 1979ರ ಒಂದು ಅಧ್ಯಯನ ಹೇಳಿತು.

ಮಾಸ್ಕ್ ಕಟ್ಟಿಕೊಂಡು ನಾಟಿ ಹಚ್ಚುವುದು ಕಷ್ಟ. ಅದಕ್ಕೇ ಸಂಶೋಧಕರು ವ್ಯಕ್ತಿಯ ನಾಡಿಬಡಿತಕ್ಕೂ ಆಮ್ಲಜನಕ ಬಳಕೆಗೂ ಇರುವ ಸಂಬಂಧವನ್ನು ಮೊದಲು ಪ್ರಯೋಗಾಲಯದಲ್ಲಿ ತಿಳಿದುಕೊಂಡು, ಹೊಲದಲ್ಲಿ ಬರೀ ನಾಡಿ ಅಳೆಯುತ್ತಾರೆ. ನಮ್ಮ ಕಡೆಯ ಬಿಸಿಲಿಗೆ ಒಂದು ಎಚ್ಚರಿಕೆ ಬೇಕು. ಮೈ ತಂಪಾಗಿಸಲು ರಕ್ತ ಚರ್ಮದತ್ತ ಹರಿಯುವುದರಿಂದ, ಅದೇ ಕೆಲಸಕ್ಕೂ ನಾಡಿ ಹೆಚ್ಚು ಬಡಿಯುತ್ತದೆ. ಹಾಗಾಗಿ ಏಪ್ರಿಲ್, ಮೇ ತಿಂಗಳಲ್ಲಿ ವಿರಾಮ, ನೆರಳು, ನೀರು ಇವನ್ನೂ ಕೆಲಸದ ಲೆಕ್ಕಕ್ಕೇ ಸೇರಿಸಬೇಕು.

ಯಂತ್ರವಿಲ್ಲದವರಿಗೆ ಮಾತೇ ಮಾಪಕ. ಆರಾಮಾಗಿ ಮಾತಾಡಬಹುದಾದರೆ ಶ್ರಮ ಹದವಾಗಿದೆ. ನಾಲ್ಕು ಶಬ್ದಕ್ಕೇ ಉಸಿರು ತುಂಡಾದರೆ ಶ್ರಮ ಜೋರಾಗಿದೆ. ಎದೆನೋವು, ತಲೆಸುತ್ತು ಬಂದರೆ ಮಾತ್ರ ಪರೀಕ್ಷೆ ಮಾಡುತ್ತ ಕೂರದೆ, ಕೆಲಸ ನಿಲ್ಲಿಸಿ ವೈದ್ಯರ ಬಳಿ ಹೋಗಿ.

ಆಮ್ಲಜನಕ ಬಳಕೆಯ ಈ ಮಿತಿ ಹಣೆಬರಹವಲ್ಲ. ಅಂಗಡಿ, ಕಚೇರಿಗಳಲ್ಲಿ ಕೂತೇ ದಿನ ಕಳೆಯುವವರು ಕೆಲವು ತಿಂಗಳು ಬಿರುಸಾಗಿ ನಡೆದರೆ ಅದು ಏರುತ್ತದೆ. 25 ಇದ್ದದ್ದು 30 ಆದರೂ ಸಾಕು, ಅದೇ 12ರ ಕೆಲಸ ಶೇ 48ರಿಂದ ಶೇ 40ಕ್ಕೆ ಇಳಿಯುತ್ತದೆ.