‘ನೀನಿಲ್ಲದೆ’ ಎಂಬ ಹಾಡಿನ ಲೆಕ್ಕಪತ್ರ

(ಸಂಘದ ಉಚಿತ ವಾಚನಾಲಯದಲ್ಲಿ ಮಾಡಿದ ಭಾಷಣ)



ಪರದೇಶದ ಪ್ರೇಮಗೀತೆಯೊಂದನ್ನು ಈತ ಇಲ್ಲಿಗೇಕೆ ತಂದ ಎಂದು ಕೆಲವರಿಗೆ ತೋರಬಹುದು. ಹಾಡು ಪರದೇಶದ್ದೇ ಸರಿ. ಆದರೆ ಅದರ ಕಥೆಯಲ್ಲಿ ಬರುವವರು ಊರು ಬಿಟ್ಟು ಲಂಡನ್ ಸೇರಿದ ಹುಡುಗರು ಮತ್ತು ರಾತ್ರಿ ಪಾಳಿಯ ಒಬ್ಬ ಬ್ಯಾಂಕ್ ನೌಕರ. ನಮಗೆ ತೀರ ಅಪರಿಚಿತರೇನೂ ಅಲ್ಲ.

ರಾಕ್ ಸಂಗೀತದ ಅಬ್ಬರವನ್ನು ತಗ್ಗಿಸಿ, ಪಿಯಾನೊ ಪಿಟೀಲುಗಳ ಆಸರೆಯಲ್ಲಿ ಒಲವು ಅಗಲಿಕೆಗಳನ್ನು ಹಾಡುವ ರೀತಿಗೆ ಆ ಕಡೆ ಸಾಫ್ಟ್ ರಾಕ್ ಎಂದು ಹೆಸರು. ‘ವಿದೌಟ್ ಯು’, ಅಂದರೆ ‘ನೀನಿಲ್ಲದೆ’ ಎಂಬುದು ಆ ಜಾತಿಯ ಹಾಡು. ಕಟ್ಟಿದವರು ವೇಲ್ಸ್ ನಾಡಿನ ಸ್ವಾನ್ಸಿಯ ಪೀಟ್ ಹ್ಯಾಮ್ ಮತ್ತು ಲಿವರ್‌ಪೂಲಿನ ಟಾಮ್ ಇವಾನ್ಸ್. ಬೀಟಲ್ಸ್ ತಂಡದವರ ಆಪಲ್ ಕಂಪೆನಿಗೆ ಹಾಡುತ್ತಿದ್ದ ‘ಬ್ಯಾಡ್‌ಫಿಂಗರ್’ ಎಂಬ ಮೇಳದವರು. ಹ್ಯಾಮನ ಬಳಿ ಚರಣವಿತ್ತು, ಒಪ್ಪುವ ಪಲ್ಲವಿ ಇರಲಿಲ್ಲ. ಇವಾನ್ಸನ ಬಳಿ ಪಲ್ಲವಿ ಇತ್ತು, ಚರಣ ಕೂಡಿ ಬಂದಿರಲಿಲ್ಲ. ಒಬ್ಬನಲ್ಲಿ ಗೋಡೆ, ಇನ್ನೊಬ್ಬನಲ್ಲಿ ಸೂರು, ಸೇರಿಸಿದರು, ಮನೆಯಾಯಿತು. 1970ರ ‘ನೋ ಡೈಸ್’ ಎಂಬ ತಟ್ಟೆಯಲ್ಲಿ ಅದು ಹತ್ತರೊಡನೆ ಹನ್ನೊಂದಾಗಿ ಸೇರಿಹೋಯಿತು. ಬ್ರಿಟನ್, ಅಮೆರಿಕಗಳಲ್ಲಿ ಬಿಡಿಯಾಗಿ ಅದನ್ನು ಹೊರಡಿಸಲೂ ಇಲ್ಲ.

ಇನ್ನು ಬ್ಯಾಂಕ್ ನೌಕರನ ಮಾತು. ಹ್ಯಾರಿ ನಿಲ್ಸನ್ ಹುಟ್ಟಿದ್ದು 1941ರಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ. ಕ್ಯಾಲಿಫೋರ್ನಿಯಾದ ಬ್ಯಾಂಕೊಂದರ ಕಂಪ್ಯೂಟರ್ ವಿಭಾಗದಲ್ಲಿ ರಾತ್ರಿಯೆಲ್ಲ ದುಡಿದು, ಹಗಲು ಹಾಡು ಬರೆಯುತ್ತಿದ್ದ. (ನಿದ್ದೆ ಯಾವಾಗ ಮಾಡುತ್ತಿದ್ದ ಎಂಬುದು ರಾತ್ರಿ ಪಾಳಿಯ ನಮ್ಮ ಮಿತ್ರರಿಗೇ ಗೊತ್ತು.) ಹಾಡುಗಾರನಾಗಿ ಹೆಸರು ಬಂದಮೇಲೆ ಆತ ಈ ‘ನೀನಿಲ್ಲದೆ’ಯನ್ನು ಕೇಳಿ, ಬೀಟಲ್ಸರದೇ ಇರಬೇಕೆಂದುಕೊಂಡನಂತೆ. 1971ರಲ್ಲಿ ಲಂಡನ್ನಿನಲ್ಲಿ ತಾನೇ ಹಾಡಿದ. ಮೂಲದವರು ಸಂಕೋಚದಿಂದಲೆಂಬಂತೆ ಹಾಡಿದ್ದನ್ನು ನಿಲ್ಸನ್ ಪಿಸುಮಾತಿನಂತೆ ಎತ್ತಿಕೊಂಡು, ಪಲ್ಲವಿ ಬರುವ ಹೊತ್ತಿಗೆ ಎದೆ ಬಿರಿಯುವ ತಾರಸ್ಥಾಯಿಗೆ ಒಯ್ಯುತ್ತಾನೆ. ಅತಿಯಾಯಿತೆನ್ನುವವರಿದ್ದಾರೆ. ವಿರಹದಲ್ಲಿ ಮಿತಿ ಕಾಯುವವನು ವಿರಹಿಯೇ ಅಲ್ಲ ಎಂದು ನನ್ನ ಮತ.

ರೇಡಿಯೋ ಸಿಲೋನಿನಲ್ಲಿ 1952ರಿಂದ ಅಮೀನ್ ಸಯಾನಿಯವರು ನಡೆಸಿದ ಬಿನಾಕಾ ಗೀತಮಾಲಾ ನಮ್ಮ ಹಿರಿಯರಿಗೆ ನೆನಪಿದ್ದೀತು. ಈ ವಾರ ಯಾವ ಹಾಡು ಮೇಲಿನ ಮೆಟ್ಟಿಲಿಗೆ ಏರಿತೆಂದು ಕಾದು ಕೇಳುತ್ತಿದ್ದರಲ್ಲ, ಅಮೆರಿಕದಲ್ಲಿ ಬಿಲ್‌ಬೋರ್ಡ್ ಪತ್ರಿಕೆಯ ಪಟ್ಟಿಯೂ ಅಂಥದೇ. ಆಗ ಅದನ್ನು ತಟ್ಟೆಗಳ ಮಾರಾಟ ಮತ್ತು ರೇಡಿಯೋ ಪ್ರಸಾರಗಳನ್ನು ಕೂಡಿಸಿ ಕಟ್ಟುತ್ತಿದ್ದರು. 1972ರ ಫೆಬ್ರವರಿ–ಮಾರ್ಚಿಯಲ್ಲಿ ನಾಲ್ಕು ವಾರ ಅಲ್ಲಿ ನಿಲ್ಸನನ ಹಾಡೇ ಮೊದಲು. ಬ್ರಿಟನ್ನಿನಲ್ಲಿ ಐದು ವಾರ. ಗ್ರಾಮಿ ಪ್ರಶಸ್ತಿಯೂ ಬಂತು.

ಹಾಗಾದರೆ ಹ್ಯಾಮ್, ಇವಾನ್ಸರ ಮನೆಯಲ್ಲಿ ಹಣದ ಹೊಳೆ ಹರಿಯಬೇಕಿತ್ತು. ತಟ್ಟೆ ಮಾರಿದಾಗ, ರೇಡಿಯೋದಲ್ಲಿ ಹಾಡಿದಾಗ, ಬರೆದವನಿಗೆ ಒಂದು ಪಾಲು ಉಂಟು. ಯಾರು ಹಾಡಿದರೂ ಉಂಟು. ಆದರೆ ಆ ಪಾಲು ನಡುವಣ ಕೈಗಳನ್ನು ದಾಟಿ ಬರಬೇಕು. ಇವರು ಸಹಿ ಹಾಕಿದ್ದ ಕಾಗದದ ಪ್ರಕಾರ ಮೇಳದ ಗಳಿಕೆ ವ್ಯವಸ್ಥಾಪಕನು ಏರ್ಪಡಿಸಿದ ಕಂಪೆನಿಗೆ ಸೇರುತ್ತಿತ್ತು. ಹಾಡು ಕಟ್ಟಿದವರಿಗೆ ಸಿಗುತ್ತಿದ್ದುದು ಸಂಬಳ. 1974ರ ಕೊನೆಗೆ ಮುಂಗಡ ಹಣದ ಲೆಕ್ಕ ಸಿಕ್ಕದೆ ತಟ್ಟೆಯ ಕಂಪೆನಿಯ ಪ್ರಕಾಶನ ವಿಭಾಗ ಮೊಕದ್ದಮೆ ಹೂಡಿತು. ಅವರ ಹೊಸ ತಟ್ಟೆಯನ್ನೂ ಅಂಗಡಿಗಳಿಂದ ಹಿಂದೆಗೆದುಕೊಂಡರು. ಸಂಬಳವೂ ನಿಂತಿತು. 1975ರ ಏಪ್ರಿಲ್‌ನಲ್ಲಿ ಪೀಟ್ ಹ್ಯಾಮ್ ತಾನೇ ತನ್ನ ಜೀವ ಕಳೆದುಕೊಂಡ. ಇಪ್ಪತ್ತೆಂಟು ತುಂಬಲು ಮೂರು ದಿನವಿತ್ತು. ಅವನ ಮಗಳು ಹುಟ್ಟಿದ್ದು ಅದರ ಮುಂದಿನ ತಿಂಗಳು. ಈ ಹಾಡಿನ ಪಾಲು ಯಾರಿಗೆಷ್ಟು ಎಂಬ ಜಗಳ ಮುಗಿಯದಿರುವಾಗಲೇ, 1983ರಲ್ಲಿ, ಟಾಮ್ ಇವಾನ್ಸನೂ ಹಾಗೆಯೇ ಹೋದ.

ಹಾಡು ಮಾತ್ರ ನಿಲ್ಲಲಿಲ್ಲ. 1994ರ ಜನವರಿ 15ರಂದು ನಿಲ್ಸನ್ ತೀರಿಕೊಂಡ. ಅದೇ ತಿಂಗಳು ಮರಾಯಾ ಕ್ಯಾರಿ ಹಾಡಿದ ತಟ್ಟೆ ಬಿಡುಗಡೆಯಾಗಿ ಬ್ರಿಟನ್ನಿನಲ್ಲಿ ಮತ್ತೆ ಮೊದಲ ಸ್ಥಾನಕ್ಕೇರಿತು. ನಮ್ಮಲ್ಲಿ ಚಿತ್ರಗೀತೆ ಬರೆದವರಿಗೂ ರಾಗ ಹಾಕಿದವರಿಗೂ ಬಿಟ್ಟುಕೊಡಲಾಗದ ಪಾಲನ್ನು ಕಾನೂನು ಬರೆದುಕೊಟ್ಟದ್ದು 2012ರಲ್ಲಿ.

ಎರಡು ಮುದ್ರಣಗಳನ್ನೂ ತಂದಿದ್ದೇನೆ. ನಿಲ್ಸನನದು ಆಮೇಲೆ. ಮೊದಲು ಕಟ್ಟಿದವರ ದನಿಯಲ್ಲೇ ಕೇಳೋಣ.